ಬಲಗೈ ಬಡಗಣಕ್ಕೆ: ಹವೆಯ ಪಾಠ ನೆನಪಿಡುವ ಬಗೆ

ಹವಾಮಾನ, ವಾಯುಗುಣ. ಈ ಎರಡನ್ನು ಅದಲುಬದಲು ಮಾಡದವರು ಅಪರೂಪ. ಪತ್ರಿಕೆಗಳು 'ಹವಾಮಾನ ಬದಲಾವಣೆ' ಎಂದು ಬರೆಯುವಾಗಲೂ ಹೇಳಹೊರಟಿರುವುದು ವಾಯುಗುಣದ ಸಂಗತಿಯನ್ನೇ. ವ್ಯತ್ಯಾಸ ಮಾತ್ರ ಪದಗಳ ಬಾಲದಲ್ಲೇ ಕೂತಿದೆ. ಮಾನ ಎಂದರೆ ಅಳತೆ, ಗುಣ ಎಂದರೆ ಸ್ವಭಾವ. ಒಬ್ಬರ ಜ್ವರವನ್ನು ನಿಮಿಷದಲ್ಲಿ ಅಳೆದುಬಿಡಬಹುದು. ಅವರ ಗುಣ ತಿಳಿಯಬೇಕಾದರೆ ವರ್ಷಗಟ್ಟಲೆ ಒಡನಾಡಬೇಕು. ಇವತ್ತು ಮಧ್ಯಾಹ್ನ ಎಷ್ಟು ಸೆಕೆ, ನಾಳೆ ಮಳೆ ಬರುತ್ತದೆಯೇ ಎನ್ನುವುದು ಮಾನದ ಮಾತು. ಆ ಜಾಗದಲ್ಲಿ ಜೂನ್ ತಿಂಗಳು ಸಾಮಾನ್ಯವಾಗಿ ಹೇಗಿರುತ್ತದೆ ಎನ್ನುವುದು ಗುಣದ ಮಾತು. ವಿಶ್ವ ಹವಾಮಾನ ಸಂಸ್ಥೆ ಈ 'ಸಾಮಾನ್ಯ'ವನ್ನು ಲೆಕ್ಕ ಹಾಕುವುದು 30 ವರ್ಷಗಳ ದಾಖಲೆಯಿಂದ. ಈಗ ಚಾಲ್ತಿಯಲ್ಲಿರುವ ಅವಧಿ 1991ರಿಂದ 2020. ಹಾಗಾಗಿ ಒಂದೇ ಸಾಲು ಸಾಕು: ಮಾನ ಇವತ್ತಿನದು, ಗುಣ ಮೂವತ್ತು ವರ್ಷದ್ದು.

ಈ ಸಾಲು ಮರೆತುಹೋಗದಿರಲು ಕಾರಣ ಅದರ ಪ್ರಾಸವಲ್ಲ. ಸಾಲಿನೊಳಗೇ ಅರ್ಥ ಇದೆ. ನೆನಪಿಗೆಂದು ಹಾಕಿಕೊಳ್ಳುವ ಗಂಟುಗಳಲ್ಲಿ ಎರಡು ಬಗೆ. ಒಂದು ಅಕ್ಷರದ ಗಂಟು: ಹೆಸರುಗಳ ಮೊದಲಕ್ಷರ ಜೋಡಿಸಿ ವಾಕ್ಯ ಮಾಡುವುದು. ಇನ್ನೊಂದು ಕಾರಣದ ಗಂಟು: ಒಂದು ಚಿತ್ರ ಅಥವಾ ಕೈಸನ್ನೆ, ಅದನ್ನು ಬಿಚ್ಚಿದರೆ ವಿಷಯ ಹೇಗೆ ನಡೆಯುತ್ತದೆ ಎಂಬುದೇ ಹೊರಬರುತ್ತದೆ. ಅಕ್ಷರದ ಗಂಟು ಕ್ರಮವನ್ನಷ್ಟೇ ಕೊಡುತ್ತದೆ. ಅದರ ಬೆನ್ನಿಗೆ ಕಾರಣ ಕಟ್ಟದಿದ್ದರೆ ಪರೀಕ್ಷೆಯ ಮರುದಿನವೇ ಅದು ಉದುರಿಹೋಗುತ್ತದೆ.

ವಾತಾವರಣದ ಪದರಗಳನ್ನೇ ನೋಡಿ. ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. 'ಪಟ ಸರ್ರನೆ ಮೇಲೇರಿ ಉರುಳಿ ಬಿತ್ತು' ಎಂದುಕೊಂಡರೆ ಐದೂ ಸಾಲಾಗಿ ಬರುತ್ತವೆ. ಪಟ ಏರುವುದು ನೆಲದಿಂದಲೇ ಆದ್ದರಿಂದ ಎಣಿಕೆ ಕೆಳಗಿನಿಂದ ಮೇಲಕ್ಕೆ ಎನ್ನುವುದೂ ನೆನಪಿರುತ್ತದೆ. ಮೊದಲಕ್ಷರ ಜೋಡಿಸುವ ವಾಕ್ಯಗಳಲ್ಲಿ ಬಹುಪಾಲು ಎಡವುವುದು ಇಲ್ಲೇ, ಕ್ರಮ ಗೊತ್ತಿದ್ದರೂ ಯಾವ ತುದಿಯಿಂದ ಶುರು ಎಂಬುದು ಗೊತ್ತಿರುವುದಿಲ್ಲ. ಇನ್ನು ಉಷ್ಣಾಂಶ. ಅದು ಮೊದಲ ಪದರದಲ್ಲಿ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ, ಮೂರರಲ್ಲಿ ಮತ್ತೆ ಇಳಿಯುತ್ತದೆ, ನಾಲ್ಕರಲ್ಲಿ ಏರುತ್ತದೆ. ಇದನ್ನು ಬಾಯಿಪಾಠ ಮಾಡುವ ಬದಲು 'ಒಲೆ ಎಲ್ಲಿದೆ?' ಎಂದು ಕೇಳಿಕೊಳ್ಳಿ. ಮೊದಲ ಒಲೆ ನೆಲ. ಬಿಸಿಲಿಗೆ ಕಾದ ನೆಲವೇ ಗಾಳಿಯನ್ನು ಕಾಯಿಸುವುದರಿಂದ, ಮೇಲೆ ಹೋದಷ್ಟೂ ತಂಪು. ಎರಡನೆಯ ಒಲೆ ಓಜೋನ್. ಅತಿನೇರಳೆ ಕಿರಣ ಹೀರಿ ಬಿಸಿಯಾಗುತ್ತದೆ, ಹಾಗಾಗಿ ಸುಮಾರು 50 ಕಿ.ಮೀ. ಎತ್ತರದ ತನಕ ಬಿಸಿ ಏರುತ್ತದೆ. ಮೂರನೆಯ ಪದರದಲ್ಲಿ ಹೇಳಿಕೊಳ್ಳುವಂಥ ಒಲೆಯೇ ಇಲ್ಲ. ನಾಲ್ಕನೆಯದರಲ್ಲಿ ಸೂರ್ಯನ ಅತಿ ತೀಕ್ಷ್ಣ ಕಿರಣಗಳನ್ನು ವಿರಳ ಅನಿಲವೇ ನೇರವಾಗಿ ಹೀರುತ್ತದೆ. ಮೂರು ಒಲೆಗಳ ಜಾಗ ತಿಳಿದರೆ ಏರಿಳಿತ ತಾನಾಗಿಯೇ ಬರುತ್ತದೆ.

'ಸಮೋಷ್ಣ' ಎಂಬ ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಆ ಪದರದ ಕೆಳಭಾಗದಲ್ಲಷ್ಟೇ ಉಷ್ಣಾಂಶ ಹೆಚ್ಚುಕಡಿಮೆ ಸಮ. ಮೇಲಕ್ಕೆ ಹೋದಂತೆ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಬಂದುಬಿಡುತ್ತದೆ. ಹೆಸರನ್ನು ನಂಬಿ ನೇರ ಗೆರೆ ಎಳೆದವರ ಚಿತ್ರ ತಪ್ಪುತ್ತದೆ. ಅಂಕಿಗಳನ್ನೂ ಬಿಡಿಬಿಡಿಯಾಗಿ ಹೊರಬೇಕಿಲ್ಲ. ನೆಲಮಟ್ಟದಲ್ಲಿ ಸರಾಸರಿ 15 ಡಿಗ್ರಿ ಸೆಲ್ಸಿಯಸ್, ಪ್ರತಿ ಕಿ.ಮೀ.ಗೆ 6.5 ಡಿಗ್ರಿ ಇಳಿಕೆ. 11 ಕಿ.ಮೀ. ಎತ್ತರಕ್ಕೆ 71.5 ಕಳೆದರೆ ಮೈನಸ್ 56.5. ಮೂರು ಅಂಕಿ ಇಟ್ಟುಕೊಂಡರೆ ನಾಲ್ಕನೆಯದು ಲೆಕ್ಕದಲ್ಲಿ ಸಿಗುತ್ತದೆ. ಋತುಗಳ ಪಾಠದಲ್ಲೂ ಹೀಗೇ: ಭೂಮಿಯ ಅಕ್ಷದ ವಾಲು 23.5 ಡಿಗ್ರಿ, ಸಂಕ್ರಾಂತಿ ವೃತ್ತಗಳಿರುವುದು 23.5ರಲ್ಲಿ, ತೊಂಬತ್ತರಿಂದ ಅದನ್ನು ಕಳೆದರೆ 66.5, ಅದು ಧ್ರುವವೃತ್ತ. ಬೇಸಿಗೆ ಬರುವುದು ಸೂರ್ಯ ಹತ್ತಿರವಾದಾಗ ಎಂಬ ತಪ್ಪು ಎಣಿಕೆಗೂ ಒಂದು ತಿಥಿ ಸಾಕು: ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ದಿನಗಳಲ್ಲಿ, ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ.

ಏರಿದರೆ ಮಳೆ, ಇಳಿದರೆ ಒಣ

ಹವೆಯ ಪಾಠದಲ್ಲಿ ಒಂದೇ ಒಂದು ಸಾಲು ಉಳಿಸಿಕೊಳ್ಳಬಹುದು ಎಂದಾದರೆ ಇದನ್ನೇ ಉಳಿಸಿಕೊಳ್ಳಬೇಕು. ಗಾಳಿ ಏರಿದಾಗ ಸುತ್ತಲ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದಾಗ ಅದರಲ್ಲಿದ್ದ ಆವಿ ಹನಿಗಟ್ಟುತ್ತದೆ. ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಮೋಡ ಕಟ್ಟದ ಗಾಳಿ ಏರುವಾಗ ಕಿ.ಮೀ.ಗೆ ಹತ್ತಿರಹತ್ತಿರ 10 ಡಿಗ್ರಿ ತಣಿಯುತ್ತದೆ; ಮೋಡ ಕಟ್ಟತೊಡಗಿದ ಮೇಲೆ ಆವಿ ನೀರಾಗುವಾಗ ಬಿಡುವ ಶಾಖದಿಂದ ತಣಿಯುವ ವೇಗ ತಗ್ಗುತ್ತದೆ. ಮೇಲೆ ಹೇಳಿದ 6.5 ನಿಂತ ವಾತಾವರಣದ ಸರಾಸರಿ, ಈ 10 ಏರುತ್ತಿರುವ ಗಾಳಿಯ ಲೆಕ್ಕ. ಎರಡನ್ನೂ ಬೆರೆಸುವುದು ಬಲು ಸಾಮಾನ್ಯವಾದ ತಪ್ಪು.

ಒತ್ತಡಕ್ಕೆ ಕನ್ನಡದಲ್ಲಿ 'ವಾಯುಭಾರ' ಎಂಬ ಪದವೂ ಇದೆ, ಮತ್ತು ಅದೇ ಒಳ್ಳೆಯ ಗಂಟು. ಹಗುರಾದದ್ದು ಏರುತ್ತದೆ, ಭಾರವಾದದ್ದು ಇಳಿಯುತ್ತದೆ. ವಾಯುಭಾರ ಕಡಿಮೆ ಇರುವಲ್ಲಿ ಗಾಳಿ ಏರುತ್ತದೆ, ಏರಿದರೆ ಮಳೆ. 'ವಾಯುಭಾರ ಕುಸಿತ' ಎಂಬ ಸುದ್ದಿ ಓದಿ ಗಾಳಿ ಕೆಳಗೆ ಕುಸಿಯುತ್ತಿದೆ ಎಂದು ತಿಳಿಯುವವರಿದ್ದಾರೆ. ಕುಸಿಯುವುದು ಭಾರಮಾಪಕದ ಅಂಕಿ; ಗಾಳಿ ಏರುತ್ತಿರುತ್ತದೆ. ಇಷ್ಟು ಬಿಡಿಸಿಕೊಂಡರೆ ಆ ಪದವನ್ನು ಇನ್ನೆಂದೂ ತಲೆಕೆಳಗಾಗಿ ಓದುವುದಿಲ್ಲ.

ಈಗ ಇದನ್ನು ಇಡೀ ಭೂಗೋಳಕ್ಕೆ ಹಾಸಿ. ಅಕ್ಷಾಂಶ ಸೊನ್ನೆಯಲ್ಲಿ ಏರು, ಮೂವತ್ತರಲ್ಲಿ ಇಳಿ, ಅರವತ್ತರಲ್ಲಿ ಏರು, ತೊಂಬತ್ತರಲ್ಲಿ ಇಳಿ. ಏರು ಇದ್ದಲ್ಲಿ ಕಡಿಮೆ ಒತ್ತಡ, ಮಳೆ; ಇಳಿ ಇದ್ದಲ್ಲಿ ಅಧಿಕ ಒತ್ತಡ, ಒಣಹವೆ. ಅಮೆಜಾನ್ ಮತ್ತು ಕಾಂಗೋ ಕಾಡುಗಳು ಸೊನ್ನೆಯ ಆಸುಪಾಸಿನಲ್ಲಿವೆ. ಸಹಾರಾ, ಅರೇಬಿಯಾ, ಕಲಹಾರಿ, ಆಸ್ಟ್ರೇಲಿಯಾದ ಮರುಭೂಮಿಗಳು ಇಪ್ಪತ್ತು ಮೂವತ್ತರ ಸುತ್ತ. ಅಂಟಾರ್ಕ್ಟಿಕಾದ ಒಳನಾಡು ಹಿಮ ಹೊದ್ದಿದ್ದರೂ ಲೆಕ್ಕಕ್ಕೆ ಮರುಭೂಮಿಯೇ. ಈ ಪಟ್ಟೆಗಳು ಸೂರ್ಯನ ಹಿಂದೆ ಹಿಂದೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತವೆ, ಆದ್ದರಿಂದ ಮೂವತ್ತು ಎನ್ನುವುದನ್ನು ಗೆರೆ ಎಂದುಕೊಳ್ಳದೆ ಒಂದು ಅಗಲವಾದ ಪಟ್ಟೆ ಎಂದುಕೊಳ್ಳಿ. ಮಳೆ ನೆರಳಿನ ಪ್ರದೇಶಕ್ಕೆ ಬೇರೆ ಸೂತ್ರ ಬೇಡ: ಗಾಳಿ ಬೆಟ್ಟ ಏರುವ ಬದಿ ಮಳೆ, ಇಳಿಯುವ ಬದಿ ಒಣ.

ಮುಷ್ಟಿಯಲ್ಲಿ ಚಂಡಮಾರುತ

ಉತ್ತರಾರ್ಧಗೋಳದಲ್ಲಿ ಚಂಡಮಾರುತ ಯಾವ ಕಡೆಗೆ ತಿರುಗುತ್ತದೆ? ದಕ್ಷಿಣದಲ್ಲಿ? ಅಧಿಕ ಒತ್ತಡದ ಸುತ್ತ? ನಾಲ್ಕು ಉತ್ತರಗಳನ್ನು ಬೇರೆ ಬೇರೆಯಾಗಿ ಕಲಿತರೆ ನಾಲ್ಕೂ ಕಲಸಿಹೋಗುತ್ತವೆ. ಬಲಗೈ ಮುಷ್ಟಿ ಹಿಡಿದು ಹೆಬ್ಬೆರಳನ್ನು ಮೇಲಕ್ಕೆ ನಿಲ್ಲಿಸಿ. ಹೆಬ್ಬೆರಳು ತೋರಿಸುವುದು ಗಾಳಿ ಏರುವ ದಿಕ್ಕನ್ನು, ಅಂದರೆ ಕಡಿಮೆ ಒತ್ತಡ. ಮೇಲಿನಿಂದ ನೋಡಿ, ಉಳಿದ ಬೆರಳುಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿವೆ. ಉತ್ತರಾರ್ಧಗೋಳದ ಚಂಡಮಾರುತ ತಿರುಗುವುದು ಹಾಗೆಯೇ. ಈಗ ಅದೇ ಮುಷ್ಟಿಯನ್ನು ಬೋರಲು ಮಾಡಿ, ಹೆಬ್ಬೆರಳು ನೆಲಕ್ಕೆ. ಗಾಳಿ ಇಳಿಯುತ್ತಿದೆ, ಅಧಿಕ ಒತ್ತಡ. ಮೇಲಿನಿಂದ ನೋಡಿದರೆ ಬೆರಳುಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತುತ್ತವೆ. ದಕ್ಷಿಣಾರ್ಧಗೋಳಕ್ಕೆ ಎಡಗೈ, ಉಳಿದದ್ದೆಲ್ಲ ಹಾಗೆಯೇ.

ಯಾವ ಕೈ ಯಾವ ಗೋಳಕ್ಕೆ ಎಂಬ ಗೊಂದಲಕ್ಕೆ ಹಳೆಯ ದಿಕ್ಕಿನ ಹೆಸರು ಕೆಲಸಕ್ಕೆ ಬರುತ್ತದೆ: ಬಲಗೈ ಬಡಗಣಕ್ಕೆ. ಬಡಗಣ ಎಂದರೆ ಉತ್ತರ. ಇದೇ ಮಾತು ಭೂಮಿಯ ತಿರುಗುವಿಕೆಯಿಂದ ಗಾಳಿ ವಾಲುವ ಬಗೆಯನ್ನೂ ಹೇಳುತ್ತದೆ. ಬಡಗಣದಲ್ಲಿ ಗಾಳಿ ತನ್ನ ಬಲಕ್ಕೆ ವಾಲುತ್ತದೆ, ತೆಂಕಣದಲ್ಲಿ ಎಡಕ್ಕೆ.

ಇಲ್ಲಿ ಒಂದು ಅನುಮಾನ ಬರಲೇಬೇಕು. ಬಲಕ್ಕೆ ವಾಲುವ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಹೇಗೆ ಸುತ್ತೀತು? ಕಾಗದದ ನಡುವೆ ಒಂದು ಚುಕ್ಕೆ ಇಡಿ, ಅದು ಕಡಿಮೆ ಒತ್ತಡ. ದಕ್ಷಿಣದಿಂದ ಚುಕ್ಕೆಯ ಕಡೆಗೆ ಒಂದು ಬಾಣ ಎಳೆಯಿರಿ, ನಡುವೆ ಅದನ್ನು ಬಲಕ್ಕೆ ಬಾಗಿಸಿ. ಬಾಣ ಚುಕ್ಕೆಯನ್ನು ಮುಟ್ಟದೆ ಅದರ ಪೂರ್ವದಿಂದ ಉತ್ತರಕ್ಕೆ ಹಾದುಹೋಗುತ್ತದೆ. ಉತ್ತರದಿಂದ ಬರುವ ಬಾಣವನ್ನೂ ಅದರ ಬಲಕ್ಕೆ ಬಾಗಿಸಿದರೆ ಅದು ಪಶ್ಚಿಮದಿಂದ ದಕ್ಷಿಣಕ್ಕೆ ಹಾಯುತ್ತದೆ. ಪೂರ್ವ, ಪಶ್ಚಿಮದ ಬಾಣಗಳನ್ನೂ ಎಳೆದು ನೋಡಿ. ನಾಲ್ಕೂ ಗುರಿ ತಪ್ಪಿ ಬಲಕ್ಕೆ ಹೋದದ್ದರಿಂದಲೇ ಚುಕ್ಕೆಯ ಸುತ್ತ ಎದುರುಸುತ್ತು ಹುಟ್ಟುತ್ತದೆ. ಈ ಚಿತ್ರವನ್ನು ಒಮ್ಮೆ ಕೈಯಾರೆ ಬರೆದವರಿಗೆ ಮುಷ್ಟಿ ಬರೀ ಸಂಕೇತವಾಗಿ ಉಳಿಯುವುದಿಲ್ಲ.

ಸಮಭಾಜಕದ ಮೇಲೆ ಈ ವಾಲು ಸೊನ್ನೆ, ಆದ್ದರಿಂದ ಅದರ ಎರಡೂ ಬದಿ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ತೀರಾ ವಿರಳ. ಬಚ್ಚಲಿನ ನೀರು ಸುತ್ತುವ ದಿಕ್ಕಿಗೆ ಈ ನಿಯಮ ಹಚ್ಚಬೇಡಿ. ಅಷ್ಟು ಸಣ್ಣ ಸುಳಿಯಲ್ಲಿ ತೊಟ್ಟಿಯ ಆಕಾರ ಮತ್ತು ನೀರಿನ ಮೊದಲ ಅಲುಗಾಟವೇ ದಿಕ್ಕು ಗೊತ್ತುಮಾಡುತ್ತವೆ.

ಗಾಳಿಯ ಹೆಸರಿನ ಬಗ್ಗೆ ಒಂದು ಮಾತು. ಪಶ್ಚಿಮ ಮಾರುತ ಪಶ್ಚಿಮದಿಂದ ಬರುವಂಥದ್ದು. ಸಾಗರ ಪ್ರವಾಹವನ್ನು ಮಾತ್ರ ಅದು ಹೋಗುವ ದಿಕ್ಕಿನಿಂದ ಹೇಳುತ್ತಾರೆ. ಗಾಳಿಯನ್ನು 'ಎಲ್ಲಿಂದ ಬಂದೆ?' ಎನ್ನಿ, ನೀರನ್ನು 'ಎಲ್ಲಿಗೆ ಹೊರಟೆ?' ಎನ್ನಿ. ಎಲ್ ನಿನೊಗೆ 'ಗಾಳಿ ನಿಂತರೆ ನಿನೊ'. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ವಾಣಿಜ್ಯ ಮಾರುತಗಳು ಬೆಚ್ಚನೆಯ ಮೇಲ್ನೀರನ್ನು ಪಶ್ಚಿಮಕ್ಕೆ ತಳ್ಳಿ ಪೇರಿಸುತ್ತವೆ. ಅವು ಸೊರಗಿದಾಗ ಆ ನೀರು ಪೂರ್ವಕ್ಕೆ ಮರಳುತ್ತದೆ, ಜೊತೆಗೆ ಗಾಳಿ ಏರುವ ಜಾಗವೂ ಮಳೆಯೂ ಪೂರ್ವಕ್ಕೆ ಸರಿಯುತ್ತವೆ; ಇದೇ ಎಲ್ ನಿನೊ. ಲಾ ನಿನಾ ಇದರ ವಿರುದ್ಧ, ಮಾರುತ ಬಿರುಸಾದಾಗ. 'ನಿಂತರೆ' ಎಂದದ್ದು ಪ್ರಾಸಕ್ಕಾಗಿ. ವಾಸ್ತವದಲ್ಲಿ ಗಾಳಿ ದುರ್ಬಲವಾಗುತ್ತದೆ, ಪೂರ್ತಿ ನಿಲ್ಲುವುದು ಅಪರೂಪ.

ಮೋಡಕ್ಕೆ ಬೆರಳಿನ ಅಳತೆ

ಮೋಡಗಳಿಗೆ ಲ್ಯಾಟಿನ್ ಹೆಸರಿಟ್ಟವರು ಲ್ಯೂಕ್ ಹೊವಾರ್ಡ್, 1802ರಲ್ಲಿ. ಇಂದಿನ ಹತ್ತು ಜಾತಿಗಳೂ ಕೆಲವೇ ತುಣುಕುಗಳ ಜೋಡಣೆ. ಸಿರಸ್ ಎಂದರೆ ಗುಂಗುರು ಕೂದಲು, ಕ್ಯುಮುಲಸ್ ರಾಶಿ, ಸ್ಟ್ರಾಟಸ್ ಪದರು, ನಿಂಬಸ್ ಮಳೆ. ಸಿರಸ್ ಎಂದಾಗ 'ಶಿರಸ್ಸು' ನೆನೆದುಕೊಂಡರೆ ಎತ್ತರವೂ ಸಿಕ್ಕಿತು, ಅದು ಎಲ್ಲಕ್ಕಿಂತ ಮೇಲಿನದು. ಅದಕ್ಕಿರುವ 'ಹಿಮಕಣ ಮೋಡ' ಎಂಬ ಕನ್ನಡ ಹೆಸರು ಇನ್ನೂ ಚೆನ್ನ, ಅದು ಯಾವುದರಿಂದ ಆಗಿದೆ ಎಂಬುದನ್ನೇ ಹೇಳುತ್ತದೆ. ಮೋಸ ಹೋಗುವುದು 'ಆಲ್ಟೊ' ಎಂಬಲ್ಲಿ. ಅದರ ಮೂಲಾರ್ಥ ಎತ್ತರ, ಆದರೆ ಮೋಡಗಳಲ್ಲಿ ಅದು ನಡುವಿನ ಅಂತಸ್ತು, ಸುಮಾರು 2 ಕಿ.ಮೀ.ಯಿಂದ 6 ಕಿ.ಮೀ.ವರೆಗೆ.

ರಾಶಿ ರಾಶಿಯಾಗಿ ಹರಡಿದ ಮೋಡ ಯಾವ ಅಂತಸ್ತಿನದು ಎಂದು ನೆಲದಿಂದ ಹೇಳುವುದು ಹೇಗೆ? ತೋಳನ್ನು ಪೂರ್ತಿ ಚಾಚಿ ಒಂದು ಉಂಡೆಯ ಮೇಲೆ ಬೆರಳಿಡಿ. ಉಂಡೆ ಕಿರುಬೆರಳಿನ ಹಿಂದೆ ಅಡಗಿದರೆ ಸಿರೊಕ್ಯುಮುಲಸ್. ಕಿರುಬೆರಳನ್ನು ಮೀರಿ, ಜೋಡಿಸಿದ ಮೂರು ಬೆರಳಿನೊಳಗೆ ನಿಂತರೆ ಆಲ್ಟೊಕ್ಯುಮುಲಸ್. ಮೂರು ಬೆರಳನ್ನೂ ಮೀರಿದರೆ ಸ್ಟ್ರಾಟೊಕ್ಯುಮುಲಸ್. ಚಾಚಿದ ತೋಳಿನಲ್ಲಿ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಮೂರು ಬೆರಳು 5 ಡಿಗ್ರಿ, ಮುಷ್ಟಿ 10 ಡಿಗ್ರಿ. ಮೋಡಗಳನ್ನು ಗುರುತಿಸುವ ಗಡಿಗಳೂ ಈ 1 ಮತ್ತು 5 ಡಿಗ್ರಿಯೇ. ದಿಗಂತದ ಹತ್ತಿರದ ಮೋಡ ದೂರದ್ದಾಗಿ ಚಿಕ್ಕದಾಗಿ ಕಾಣುವುದರಿಂದ, ಅಲ್ಲಿ ಅಳೆದರೆ ಉತ್ತರ ತಪ್ಪು. ದಿಗಂತದಿಂದ ಮೂರು ಮುಷ್ಟಿ ಒಂದರ ಮೇಲೊಂದು ಎಣಿಸಿ, ಅದಕ್ಕಿಂತ ಮೇಲಿರುವ ಮೋಡವನ್ನಷ್ಟೇ ಅಳೆಯಿರಿ. ಮೊಣಕೈ ಮಡಚಿದರೂ ಅಳತೆ ಕೆಡುತ್ತದೆ.

ಪದರು ಮೋಡಗಳಿಗೆ ನೆರಳು ನೋಡಿ. ತೆಳು ಬಿಳಿ ಪರದೆ, ಸೂರ್ಯನ ಸುತ್ತ ಉಂಗುರ, ನೆಲದ ಮೇಲೆ ನೆರಳು ಇನ್ನೂ ಬೀಳುತ್ತಿದೆ ಎಂದರೆ ಸಿರೊಸ್ಟ್ರಾಟಸ್. ಸೂರ್ಯ ಉಜ್ಜಿದ ಗಾಜಿನ ಹಿಂದಿನ ದೀಪದಂತಿದ್ದು ನೆರಳು ಮಾಯವಾಗಿದ್ದರೆ ಆಲ್ಟೊಸ್ಟ್ರಾಟಸ್. ಮೊದಲನೆಯದು ದಪ್ಪವಾಗುತ್ತ ಎರಡನೆಯದಾದರೆ ಮಳೆ ಸಮೀಪಿಸುತ್ತಿದೆ ಎಂದು ಎಣಿಸಬಹುದು. ಸೂರ್ಯನನ್ನು ನೇರ ದಿಟ್ಟಿಸದೆ ಕೈಯಿಂದ ಮರೆಮಾಡಿಯೇ ನೋಡಬೇಕು. ಗುಡುಗು, ಆಲಿಕಲ್ಲು ಎರಡೂ ಕ್ಯುಮುಲೊನಿಂಬಸ್‌ನವು. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಅದು ಎಷ್ಟು ಕಿ.ಮೀ. ದೂರ ಎಂದು ತಿಳಿಯುತ್ತದೆ, ಏಕೆಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ.

ಕೊಡೆ ಮತ್ತು ಕಂಬಳಿ

ಓಜೋನ್ ಪದರದ ರಂಧ್ರದಿಂದ ಭೂಮಿ ಬಿಸಿಯಾಗುತ್ತಿದೆ ಎಂಬ ತಪ್ಪು ತಿಳಿವಳಿಕೆ ದೊಡ್ಡವರಲ್ಲೂ ಗಟ್ಟಿಯಾಗಿದೆ. ಓಜೋನ್ ಕೊಡೆ, ಒಳಬರುವ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಹಸಿರುಮನೆ ಅನಿಲಗಳು ಕಂಬಳಿ, ಹೊರಹೋಗುವ ಶಾಖವನ್ನು ತಡೆಯುತ್ತವೆ. ಕೊಡೆ ತೂತಾದದ್ದಕ್ಕೆ ಒಪ್ಪಂದ 1987ರ ಮಾಂಟ್ರಿಯಲ್. ಕಂಬಳಿ ದಪ್ಪವಾದದ್ದಕ್ಕೆ 1997ರ ಕ್ಯೋಟೊ, 2015ರ ಪ್ಯಾರಿಸ್. ಕಂಬಳಿಯೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಮೈನಸ್ 18 ಡಿಗ್ರಿ, ಇದ್ದುದರಿಂದ ಸುಮಾರು 15. ನಡುವಿನ 33 ಡಿಗ್ರಿ ಕಂಬಳಿಯ ಕೊಡುಗೆ. ಕಂಬಳಿ ಕೆಟ್ಟದ್ದಲ್ಲ, ದಪ್ಪವಾಗುತ್ತಿರುವುದು ಕೆಟ್ಟದ್ದು: ಕೈಗಾರಿಕಾ ಯುಗಕ್ಕೆ ಮೊದಲು ಇಂಗಾಲದ ಡೈಆಕ್ಸೈಡ್ ಸುಮಾರು 280 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 280 ಭಾಗ), ಈಗ 420 ದಾಟಿದೆ.

ಯಾವ ಅನಿಲ ಕಂಬಳಿಯಾಗುತ್ತದೆ? ಗಾಳಿಯ 99 ಭಾಗ ನೈಟ್ರೋಜನ್ ಮತ್ತು ಆಕ್ಸಿಜನ್, ಎರಡರಲ್ಲೂ ಒಂದೇ ಬಗೆಯ ಎರಡೆರಡು ಪರಮಾಣು. ಶಾಖದ ಅವಗೆಂಪು ಕಿರಣಕ್ಕೆ ಅವು ದಾರಿ ಬಿಡುತ್ತವೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್ ಅಣುಗಳಲ್ಲಿ ಮೂರು ಅಥವಾ ಹೆಚ್ಚು ಪರಮಾಣು. ಅವು ಬಾಗಿ, ಹಿಗ್ಗಿ ಕಂಪಿಸುತ್ತ ಆ ಕಿರಣವನ್ನು ಹೀರಿ ಮತ್ತೆ ಎಲ್ಲ ದಿಕ್ಕಿಗೂ ಸೂಸುತ್ತವೆ. 'ಇಬ್ಬರಿದ್ದರೆ ದಾರಿ, ಮೂವರಿದ್ದರೆ ತಡೆ' ಎಂದುಕೊಳ್ಳಿ. ಓಜೋನ್‌ನಲ್ಲೂ ಮೂರು ಪರಮಾಣು ಇರುವುದರಿಂದ ಕೊಡೆಗೆ ಸ್ವಲ್ಪ ಕಂಬಳಿಯ ಗುಣವೂ ಇದೆ. ಹೋಲಿಕೆ ಇಲ್ಲಿ ಬಿರುಕು ಬಿಡುತ್ತದೆ, ಅದನ್ನೂ ತಿಳಿದಿರಬೇಕು.

ಬಾಣ ಬಾಯಿಗೆ

ಆಹಾರ ಸರಪಳಿಯಲ್ಲಿ ಬಾಣದ ದಿಕ್ಕು ತಪ್ಪುವುದು ಒಂದು ರೋಗವೇ ಸರಿ. 'ಮಿಡತೆ ಹುಲ್ಲು ತಿನ್ನುತ್ತದೆ' ಎಂಬ ವಾಕ್ಯದ ಕ್ರಮದಲ್ಲೇ ಮಿಡತೆಯಿಂದ ಹುಲ್ಲಿಗೆ ಗೆರೆ ಎಳೆದುಬಿಡುತ್ತಾರೆ. ಬಾಣ ತೋರಿಸುವುದು ಶಕ್ತಿ ಹೋಗುವ ದಾರಿ, ಹಾಗಾಗಿ ಬಾಣದ ಮೊನೆ ತಿನ್ನುವವರ ಬಾಯಲ್ಲಿ. ಇನ್ನೊಂದು ತಪ್ಪು ಎಣಿಕೆಯದು. ಪ್ರಾಥಮಿಕ ಭಕ್ಷಕ ಎರಡನೆಯ ಪೋಷಣಾ ಸ್ತರದಲ್ಲಿದೆ ಎಂದಾಗ ಗೊಂದಲ. ಕಟ್ಟಡವನ್ನು ನೆನೆಯಿರಿ: ನೆಲಮಹಡಿಯಲ್ಲಿ ಉತ್ಪಾದಕ, ಮೊದಲ ಮಹಡಿಯಲ್ಲಿ ಪ್ರಾಥಮಿಕ ಭಕ್ಷಕ. ಸ್ತರ ಎಣಿಸುವಾಗ ನೆಲಮಹಡಿಯೂ ಲೆಕ್ಕಕ್ಕೆ, ಆದ್ದರಿಂದ ಯಾವಾಗಲೂ ಒಂದು ಹೆಚ್ಚು.

ಮಹಡಿ ಏರಿದಂತೆ ಒಂದೊಂದು ಸೊನ್ನೆ ಉದುರುತ್ತದೆ: 10,000, 1,000, 100, 10. ರೇಮಂಡ್ ಲಿಂಡೆಮನ್ ಅವರ 1942ರ ಲೇಖನದಿಂದ ಬೆಳೆದ ಹತ್ತು ಶೇಕಡ ನಿಯಮ ಇದು. ಉದುರಿದ್ದರಲ್ಲಿ ದೊಡ್ಡ ಪಾಲು ಉಸಿರಾಟದ ಶಾಖವಾಗಿ ಹೋಗುತ್ತದೆ, ಉಳಿದದ್ದು ತಿನ್ನದೆ ಬಿಟ್ಟದ್ದು, ಜೀರ್ಣವಾಗದ್ದು. ಹತ್ತು ಎನ್ನುವುದು ಒರಟು ಸರಾಸರಿ, ಮತ್ತು ಅದು ಶಕ್ತಿಗಷ್ಟೇ ಸಲ್ಲುತ್ತದೆ. ಒಂದು ಮರದ ಮೇಲೆ ಸಾವಿರ ಹುಳುಗಳಿರುವಾಗ ಸಂಖ್ಯೆಯ ಪಿರಮಿಡ್ ತಲೆಕೆಳಗಾಗುತ್ತದೆ. ಶಕ್ತಿಯ ಪಿರಮಿಡ್ ಎಂದೂ ತಲೆಕೆಳಗಾಗದು.

ಆವಾಸ ಎಂದರೆ ವಿಳಾಸ. ನಿಶ್ ಎಂದರೆ ಆ ಜೀವಿಯ ಕಸುಬು. ಒಂದೇ ವಿಳಾಸದಲ್ಲಿ ಹಲವು ಪ್ರಭೇದಗಳು ಇರಬಲ್ಲವು, ಆದರೆ ಒಂದೇ ಕಸುಬಿನಲ್ಲಿ ಎರಡು ಪ್ರಭೇದ ಬಹುಕಾಲ ನಿಲ್ಲಲಾರವು. ನೈಟ್ರೋಜನ್ ಚಕ್ರದ ಬ್ಯಾಕ್ಟೀರಿಯಾಗಳಿಗೆ 'ಸೊಬಗು': ಮೊದಲು ನೈಟ್ರೊಸೊಮೊನಾಸ್, ಆಮೇಲೆ ನೈಟ್ರೊಬ್ಯಾಕ್ಟರ್. ಮೊದಲನೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಎರಡನೆಯದು ಆ ನೈಟ್ರೈಟನ್ನು ನೈಟ್ರೇಟ್. ಅಣುವಿನಲ್ಲಿ ಆಕ್ಸಿಜನ್ ಪರಮಾಣು ಸೊನ್ನೆ, ಎರಡು, ಮೂರು ಎಂದು ಏರುತ್ತದೆ.

ಖಾಲಿ ಹಾಳೆ

ಗಂಟು ಹಾಕಿದರೆ ಮುಗಿಯಲಿಲ್ಲ, ಆಗಾಗ ಬಿಚ್ಚಿ ನೋಡಬೇಕು. ಕಲಿತದ್ದು ಮೊದಲ ದಿನಗಳಲ್ಲೇ ವೇಗವಾಗಿ ಜಾರುತ್ತದೆ ಎಂದು ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಹತ್ತು ನಿಮಿಷ ಬರೆಯಿರಿ: ಪದರಗಳ ಏರಿಳಿತ, ಸೊನ್ನೆಯಿಂದ ತೊಂಬತ್ತರ ಪಟ್ಟೆಗಳು, ನಾಲ್ಕು ಬಾಣಗಳ ಸುಳಿ. ಮರುದಿನ, ಮೂರನೆಯ ದಿನ, ವಾರಕ್ಕೆ, ಮೂರು ವಾರಕ್ಕೆ ಮತ್ತೆ. ತಪ್ಪಿದಲ್ಲಿ ಸರಿಯುತ್ತರವನ್ನು ನಕಲು ಮಾಡಬೇಡಿ. ಒಲೆ ಎಲ್ಲಿ, ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳಿ ಕಾರಣದಿಂದ ಮತ್ತೆ ಕಟ್ಟಿ. ಒಂದು ವಿಷಯಕ್ಕೆ ಒಂದೇ ಗಂಟು. ಎರಡಿದ್ದರೆ ಒಂದನ್ನೊಂದು ಎಳೆದು ಎರಡೂ ಸಡಿಲವಾಗುತ್ತವೆ.

ಕೊನೆಗೆ, ಎಂದೂ ಕಲಿಯದ ಪ್ರಶ್ನೆಯೊಂದನ್ನು ಹಾಕಿಕೊಳ್ಳಿ. ದಕ್ಷಿಣಾರ್ಧಗೋಳದಲ್ಲಿ ಗಾಳಿ ಬೆನ್ನಿಗೆ ಬೀಸುತ್ತಿದೆ, ಕಡಿಮೆ ಒತ್ತಡ ಯಾವ ಕಡೆ? ತೆಂಕಣ, ಅಂದರೆ ಎಡಗೈ ಮುಷ್ಟಿ, ಹೆಬ್ಬೆರಳು ಮೇಲೆ. ನೀವು ಬೆರಳಿನ ಗೆಣ್ಣುಗಳ ಮೇಲೆ ನಿಂತು, ಬೆರಳ ತುದಿಯ ಕಡೆಗೆ ಮುಖಮಾಡಿದ್ದೀರಿ ಎಂದುಕೊಳ್ಳಿ. ಮುಷ್ಟಿಯ ನಡು ನಿಮ್ಮ ಬಲಕ್ಕಿದೆ.